ಫೈಬರ್ ಕೇಬಲ್ ಸುರುಳಿಗೆ ಡಬ್ಬಿ ಏಕೆ ಬೇಕು?



ಈಗ ನಮ್ಮ ಸ್ವಸಹಾಯ ಸಂಘಗಳ ಬಹಳ ಜನರ ಮನೆಗೆ ಫೈಬರ್ ನೆಟ್ ಬಂದಿದೆ. ಬ್ಲೌಸಿನ ಡಿಸೈನ್ ವಾಟ್ಸಾಪಿನಲ್ಲಿ ಬರುತ್ತದೆ, ಹಣ ಫೋನಿಗೇ ಬೀಳುತ್ತದೆ, ಮಕ್ಕಳ ಓದೂ ಅದರಲ್ಲೇ. ನೆಟ್ ಎರಡು ದಿನ ನಿಂತರೆ ಆರ್ಡರು ಪಕ್ಕದ ಬೀದಿಗೆ ಹೋಗುತ್ತದೆ. ಆಗ ನಾವು ಕಂಪೆನಿಯವರನ್ನು ಬೈಯುತ್ತೇವೆ. ಬೈಯುವ ಮೊದಲು ಒಮ್ಮೆ ಬೀರುವಿನ ಹಿಂದೆ ನೋಡಿ. ಕೇಬಲ್ ಹಾಕಲು ಬಂದ ಹುಡುಗ ಮಿಕ್ಕ ನಾಲ್ಕೈದು ಮೀಟರನ್ನು ಸುತ್ತಿ ಮೊಳೆಗೆ ನೇತುಹಾಕಿರುತ್ತಾನೆ. ನಾವು ಬೀರುವನ್ನು ಅದರ ಮೇಲೆ ಒತ್ತಿ ಇಟ್ಟಿರುತ್ತೇವೆ. ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ.

ಹಳೆಯ ಟೆಲಿಫೋನ್ ತಂತಿಗೆ ಈ ಗೋಳಿರಲಿಲ್ಲ. ಕೆ.ಆರ್.ಪುರದ ಹತ್ತಿರ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ಈ ಕಡೆಯವರಿಗೆಲ್ಲ ಗೊತ್ತು. ಅಲ್ಲಿ ಫೋನು ಜೋಡಿಸುವ ಕೆಲಸದಲ್ಲಿ ಎಷ್ಟೋ ಹೆಂಗಸರು ಇದ್ದರು. ಆ ಫೋನುಗಳಿಗೆ ಬರುತ್ತಿದ್ದುದು ತಾಮ್ರದ ತಂತಿ. ಮಡಚಿದರೂ, ತಿರುಚಿದರೂ ಮಾತು ಕೇಳುತ್ತಿತ್ತು. ಫೈಬರ್ ಎಂದರೆ ಗಾಜಿನ ಎಳೆ. ಅದರ ದಪ್ಪ ಒಂದು ಮಿಲಿಮೀಟರಿನ ಎಂಟರಲ್ಲಿ ಒಂದು ಭಾಗ. ಅದರ ನಟ್ಟನಡುವೆ ಇನ್ನೂ ಸಣ್ಣ ದಾರಿಯಲ್ಲಿ ಬೆಳಕು ಓಡುತ್ತದೆ. ಎಳೆ ದೊಡ್ಡ ಸುತ್ತಿನಲ್ಲಿ ಬಾಗಿದ್ದರೆ ಬೆಳಕು ಒಳಗೇ ಉಳಿಯುತ್ತದೆ. ಬಿಗಿಯಾಗಿ ಬಾಗಿದರೆ ಆ ತಿರುವಿನಲ್ಲಿ ಸೋರಿಹೋಗುತ್ತದೆ. ಗಾಜು ಒಡೆದಿರುವುದಿಲ್ಲ, ಆದರೂ ನೆಟ್ ಇಲ್ಲ! ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಬಿರುಕು ಬೆಳೆದು ಒಡೆಯಲೂಬಹುದು.

ಹಾಗಾದರೆ ಎಷ್ಟು ಬಾಗಿಸಬಹುದು? ಕೆಲಸದವರ ಲೆಕ್ಕ ಹೀಗಿದೆ: ಸುತ್ತಿನ ನಡುವಿನಿಂದ ಅಂಚಿಗೆ ಇರುವ ದೂರ ಕೇಬಲ್ಲಿನ ದಪ್ಪದ ಹತ್ತು ಪಟ್ಟಾದರೂ ಇರಬೇಕು. ಮನೆಗೆ ಬರುವ ಕೇಬಲ್ 3 ಮಿ.ಮೀ. ದಪ್ಪ ಇದ್ದರೆ ಸುತ್ತಿನ ಅಗಲ 6 ಸೆಂ.ಮೀ.ಗೆ ಕಡಿಮೆ ಆಗಬಾರದು. ಸ್ಕೇಲು ಹುಡುಕಬೇಡಿ, 2.6 ಸೈಜಿನ ಬಳೆಯ ಒಳಗಿನ ಅಗಲ ಹೆಚ್ಚುಕಡಿಮೆ ಅಷ್ಟೇ. ಕೇಬಲ್ಲನ್ನು ಎಳೆಯುತ್ತಿರುವಾಗ ಮಾತ್ರ ಇದರ ಎರಡರಷ್ಟು ಅಗಲ ಬೇಕು. ಮನೆಯೊಳಗೆ ಹಾಕಲೆಂದೇ ಇನ್ನೂ ಬಾಗುವ ಫೈಬರ್ ಕೂಡ ಬಂದಿದೆ. ಆದರೂ ಬಳೆಯ ಲೆಕ್ಕ ಇಟ್ಟುಕೊಂಡರೆ ನಷ್ಟವೇನಿಲ್ಲ.

ಕೇಬಲ್ ಇಡುವ ಡಬ್ಬಿಯನ್ನು ರೂಪಿಸುವವರು ಮೊದಲು ತೀರ್ಮಾನ ಮಾಡುವುದು ಈ ಸುತ್ತನ್ನೇ. ಡಬ್ಬಿಯ ನಡುವೆ ಒಂದು ದುಂಡನೆಯ ಗುಂಬ ಇರುತ್ತದೆ, ಕೇಬಲ್ ಅದಕ್ಕೆ ಸುತ್ತಿಕೊಳ್ಳುತ್ತದೆ. ಎಷ್ಟೇ ಜೋರಾಗಿ ಎಳೆದರೂ ಸುತ್ತು ಆ ಗುಂಬಕ್ಕಿಂತ ಚಿಕ್ಕದಾಗಲು ಆಗೋದಿಲ್ಲ. ಡಬ್ಬಿಯ ಉದ್ದ ಅಗಲ ಆಮೇಲಿನ ಮಾತು.

ಎರಡನೆಯ ಕಷ್ಟ ತಿರುಚುವುದು. ನೀರಿನ ಪೈಪಿನ ಸಿಂಬೆಯನ್ನು ನೆಲದ ಮೇಲಿಟ್ಟು ಒಂದು ತುದಿ ಹಿಡಿದು ಎಳೆದರೆ ಏನಾಗುತ್ತದೆ? ಒಂದೊಂದು ಸುತ್ತಿಗೂ ಒಂದೊಂದು ತಿರುಚು ಸೇರಿ ನಡುವೆ ಮಡಿಕೆ ಬೀಳುತ್ತದೆ. ಗಾಜಿಗೆ ಅದು ಆಗಬಾರದು. ಆದ್ದರಿಂದ ಕೇಬಲ್ ಎಳೆದುಕೊಳ್ಳುವ ಡಬ್ಬಿಯಲ್ಲಿ ರೀಲೇ ತಿರುಗುತ್ತದೆ, ಕೇಬಲ್ ನೇರವಾಗಿ ಹೊರಗೆ ಬರುತ್ತದೆ. ಹೊಲಿಗೆ ಮೆಷಿನ್ನಿನ ಬಾಬಿನ್ ಕೇಸ್ ನೆನಪಿಸಿಕೊಳ್ಳಿ, ಅದೇ ಕ್ರಮ. ಬಾಬಿನ್ ಸಡಿಲವಾಗಿ ತಿರುಗಿದರೆ ದಾರ ಒಳಗೇ ಗೋಜಲಾಗುತ್ತದೆ ಅಂತ ಅಲ್ಲಿ ಒಂದು ಪಟ್ಟಿ ಒತ್ತಿ ಹಿಡಿಯುತ್ತದಲ್ಲ? ಒಳ್ಳೆಯ ಕೇಬಲ್ ಡಬ್ಬಿಯ ರೀಲಿಗೂ ಅಷ್ಟು ಬಿಗಿ ಕೊಟ್ಟಿರುತ್ತಾರೆ. ಇಲ್ಲದಿದ್ದರೆ ಕೈ ನಿಲ್ಲಿಸಿದ ಮೇಲೂ ರೀಲು ತಿರುಗಿ ಕೇಬಲ್ ಒಳಗೆ ಉಕ್ಕುತ್ತದೆ. ಕೇಬಲ್ ಹೊರಬರುವ ತೂತಿನ ಅಂಚೂ ದುಂಡಾಗಿರಬೇಕು. ಸೂಜಿಯ ಕಣ್ಣು ಒರಟಾದರೆ ದಾರ ಪದೇ ಪದೇ ತುಂಡಾಗುವುದು ಹೊಲಿಯುವವರಿಗೆ ನಾನು ಹೇಳಬೇಕಾಗಿಲ್ಲ. ಬೀದಿಯಲ್ಲಿ ಡಬ್ಬಿಯೇ ಇಲ್ಲದಾಗ ಕೆಲಸಗಾರರು ಕೇಬಲ್ಲನ್ನು ನೆಲದ ಮೇಲೆ ಇಂಗ್ಲಿಷ್ 8ರ ಆಕಾರದಲ್ಲಿ ಹಾಸುತ್ತಾರೆ. ಒಂದು ಕಡೆಯ ತಿರುಚನ್ನು ಇನ್ನೊಂದು ಕಡೆ ಬಿಡಿಸುತ್ತದೆ. ಬಹಳ ಜಾಣತನದ ಉಪಾಯ ಅದು.

ಗೋಡೆಯ ಡಬ್ಬಿಯಲ್ಲಿ ಮಿಕ್ಕ ಕೇಬಲ್ಲಿಗೆ ಒಂದು ಜಾಗ, ಗಾಜಿನ ಜೋಡಣೆಗೆ ಬೇರೆ ಜಾಗ ಇರಬೇಕು. ಹೊರಗೋಡೆಯಾದರೆ ಕೇಬಲ್ ಕೆಳಗಿನಿಂದ ಒಳಗೆ ಹೋಗಬೇಕು, ಆಗ ಮಳೆನೀರು ಒಳನುಗ್ಗುವುದಿಲ್ಲ.

ಇನ್ನು ಬೀದಿಯ ವಿಷಯ. ಶಿವಾಜಿನಗರ, ಹಲಸೂರು, ಇಂದಿರಾನಗರದ ಕಂಬಗಳಲ್ಲಿ, ಮರಗಳಲ್ಲಿ ಕಪ್ಪು ಸಿಂಬೆಗಳು ನೇತಾಡುವುದನ್ನು ನೋಡಿದ್ದೀರಿ. ಅದು ಕಸವಲ್ಲ. ಎಲ್ಲಾದರೂ ತುಂಡಾದರೆ ಮತ್ತೆ ಜೋಡಿಸಲು ಬೇಕೆಂದು ಬಿಟ್ಟ ಹೆಚ್ಚುವರಿ ಕೇಬಲ್. ಬಿಡುವುದು ಸರಿ, ಡಬ್ಬಿಯಿಲ್ಲದೆ, ಕೊಂಡಿಯಿಲ್ಲದೆ ಜನ ಓಡಾಡುವ ಎತ್ತರಕ್ಕೆ ಜೋತುಬಿಡುವುದು ಸರಿಯಲ್ಲ. ವಿದ್ಯುತ್ ಕಂಬಗಳ ಮೇಲಿನ ಅನಧಿಕೃತ ಕೇಬಲ್ ತೆಗೆಯಲು ಬೆಸ್ಕಾಂ 2024ರಲ್ಲಿ ಗಡುವು ಕೊಟ್ಟಿತ್ತು. ಹಾಗೆ ತೆಗೆಯುವಾಗ ನಮ್ಮ ಮನೆಯ ನೆಟ್ಟೂ ಹೋಗುತ್ತದೆ ಎಂಬುದು ನೆನಪಿರಲಿ. ಬಿದ್ದ ಕೇಬಲ್ಲನ್ನು ಬಟ್ಟೆ ಒಣಹಾಕಲು ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ಕೆಲವು ಕೇಬಲ್ಲಿನಲ್ಲಿ ಗಟ್ಟಿತನಕ್ಕೆ ಉಕ್ಕಿನ ತಂತಿ ಇರುತ್ತದೆ, ಅದು ಕರೆಂಟಿನ ತಂತಿಗೆ ತಾಗಿದರೆ ಪ್ರಾಣಕ್ಕೇ ಅಪಾಯ.

ಕೇಬಲ್ ಹಾಕಲು ಬಂದವರಿಗೆ ಡಬ್ಬಿ ಹಾಕಿಕೊಡಿ ಅಂತ ಮೊದಲೇ ಹೇಳಿ. ಪ್ಲಾಸ್ಟಿಕ್ ಟೈ ಬಿಗಿಯಾಗಿ ಎಳೆದು ಕಟ್ಟಲು ಬಿಡಬೇಡಿ. ಕಳಚಿದ ಕೇಬಲ್ಲಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಹುದು. ಕತ್ತರಿಸಿದ ಗಾಜಿನ ಚೂರು ಕೂದಲಿಗಿಂತ ತೆಳುವಾಗಿರಬಹುದು, ಅಂಗಾಲಿಗೆ ಚುಚ್ಚಿದರೆ ತೆಗೆಯುವುದು ಕಷ್ಟ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಕೆಲಸದವರು ಹೋಗುವ ಮುಂಚೆಯೇ ನೆಲವನ್ನು ಅಂಟುಪಟ್ಟಿಯಿಂದ ಒತ್ತಿ ಚೂರುಗಳನ್ನು ಎತ್ತಿಸಿ, ಬಾಟಲಿಗೆ ಹಾಕಿ ಮುಚ್ಚಿಸಿ.