ಹಳೆಯ ಕೋವಿ, ಹೊಸ ಕೋವಿ

“ಹಿಂದಿನವರು ಮಾಡಿದ್ದು ಗಟ್ಟಿ, ಈಗಿನದು ಹೆಸರಿಗೆ ಮಾತ್ರ” ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುವಂಥದು. ಬೀಸುವ ಕಲ್ಲಿನಿಂದ ಹೊಲಿಗೆ ಯಂತ್ರದವರೆಗೆ ಈ ಆಕ್ಷೇಪಕ್ಕೆ ಗುರಿಯಾಗದ ವಸ್ತುವಿಲ್ಲ. ಆದರೆ ರುಬ್ಬುವ ಯಂತ್ರ ಕೆಟ್ಟರೆ ದೋಸೆ ತಡವಾದೀತು, ಅಷ್ಟೆ. ಕೋವಿ ಕೈಕೊಟ್ಟರೆ ಪ್ರಾಣಕ್ಕೇ ಎರವಾದೀತು. ಕಾಡಂಚಿನಲ್ಲಿ ಬೆಳೆ ಕಾಯುವ ನಮ್ಮ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಕೋವಿಗಳ ಕುರಿತ ಈ ದೂರು ಬರಿಯ ಹಳಹಳಿಕೆಯೇ, ಅಥವಾ ಅದರಲ್ಲಿ ಸತ್ಯಾಂಶವಿದೆಯೇ? ಇದನ್ನು ತಿಳಿಯಲು ಅಮೆರಿಕದ ಒಂದು ಪ್ರಸಿದ್ಧ ಪ್ರಸಂಗವನ್ನು ಪರಿಶೀಲಿಸೋಣ.

ಅಲ್ಲಿನ ನ್ಯೂ ಹೇವನ್ ನಗರದ ವಿಂಚೆಸ್ಟರ್ ಸಂಸ್ಥೆ 1936ರಲ್ಲಿ ‘ಮಾಡೆಲ್ 70’ ಎಂಬ ಬೇಟೆಯ ರೈಫಲನ್ನು ಮಾರುಕಟ್ಟೆಗೆ ತಂದಿತು. ಉಕ್ಕನ್ನು ಯಂತ್ರದಲ್ಲಿ ಕಡೆದು ಅದರ ಮುಖ್ಯ ಭಾಗವನ್ನು ರೂಪಿಸುತ್ತಿದ್ದರು. ತೋಟಾ ಪೆಟ್ಟಿಗೆಯಿಂದ ಮೇಲೇರುವಾಗಲೇ ಅದರ ಅಂಚನ್ನು ಕಚ್ಚಿ ಹಿಡಿದು, ಗುಂಡು ಹಾರಿದ ಬಳಿಕ ಖಾಲಿ ಕೊಳವೆಯನ್ನು ಹೊರಗೆಳೆಯುವ ಉದ್ದನೆಯ ಉಕ್ಕಿನ ಕೊಕ್ಕೆಯೊಂದು ಅದರಲ್ಲಿತ್ತು. ಎದುರಿಗೆ ಗಾಯಗೊಂಡ ಮೃಗವಿದ್ದು, ಗಾಬರಿಯಲ್ಲಿ ಕೈ ತಡವರಿಸಿದರೂ ತೋಟಾ ಸಿಕ್ಕಿಕೊಳ್ಳುವ ಭಯ ಕಡಿಮೆ. ಮರದ ಹಿಡಿಯ ಮೇಲಿನ ಗೀರುಗಳನ್ನು ಕುಶಲಕರ್ಮಿಗಳು ಕೊರೆಯುತ್ತಿದ್ದರು.

ಯುದ್ಧಾನಂತರ ಅಲ್ಲಿ ಕೂಲಿಯ ದರ ಏರಿತು. ಒಂದೊಂದು ಭಾಗವನ್ನೂ ಕಡೆದು ತೆಗೆಯುವುದು ದುಬಾರಿಯಾಯಿತು. 1964ರಲ್ಲಿ ಸಂಸ್ಥೆ ತನ್ನ ಕೋವಿಗಳ ವಿನ್ಯಾಸವನ್ನೇ ಬದಲಿಸಿತು. ಉದ್ದನೆಯ ಕೊಕ್ಕೆಯ ಸ್ಥಾನಕ್ಕೆ ಪುಟ್ಟ ಕೊಂಡಿ ಬಂತು. ಹಿಡಿಯ ಗೀರುಗಳನ್ನು ಕೊರೆಯದೆ ಅಚ್ಚಿನಿಂದ ಒತ್ತಲಾಯಿತು. 1953ರ ಹೊತ್ತಿಗೇ 20 ಲಕ್ಷ ತಯಾರಾಗಿದ್ದ ‘ಮಾಡೆಲ್ 94’ ಕೋವಿಯಲ್ಲಿ ತೋಟಾವನ್ನು ಮೇಲೆತ್ತುವ ಭಾಗವನ್ನು ತಗಡಿನಿಂದ ಮಾಡಿದರು. ಗಟ್ಟಿ ಮೊಳೆಗಳಿದ್ದಲ್ಲಿ ಪೊಳ್ಳು ಮೊಳೆಗಳು ಬಂದವು.

ಗ್ರಾಹಕರು ಮೋಸ ಹೋಗಲಿಲ್ಲ. ಅಂಗಡಿಯಲ್ಲಿ ಕೋವಿಯನ್ನು ಕೈಗೆತ್ತಿಕೊಂಡವರು ವ್ಯತ್ಯಾಸವನ್ನು ಅರಿತರು. ‘1964ಕ್ಕೆ ಮೊದಲಿನದು’ ಎಂಬುದೇ ಮೆಚ್ಚುಗೆಯ ಮಾತಾಗಿ, ಹಳೆಯ ಕೋವಿಗಳ ಬೆಲೆ ಏರಿತು. ಸಂಸ್ಥೆ ಕ್ರಮೇಣ ತಪ್ಪುಗಳನ್ನು ತಿದ್ದಿಕೊಂಡು, 1990ರ ದಶಕದಲ್ಲಿ ಆ ಹಳೆಯ ಕೊಕ್ಕೆಯನ್ನು ಮರಳಿ ತಂದಿತು. ಆದರೆ ಹೋದ ಹೆಸರು ಪೂರ್ಣವಾಗಿ ಮರಳಲಿಲ್ಲ. 2006ರಲ್ಲಿ ನ್ಯೂ ಹೇವನ್ನಿನ ಆ ಕಾರ್ಖಾನೆಯೇ ಮುಚ್ಚಿಹೋಯಿತು.

ಹಾಗೆಂದು ಹೊಸ ವಿಧಾನಗಳೆಲ್ಲ ಹೀನವೆಂದು ನಾವು ಹೇಳಲಾರೆವು. 1964ರ ನಂತರದ ರೈಫಲುಗಳ ಗುರಿ ಕೆಟ್ಟದಾಗಿರಲಿಲ್ಲ. ಅದೇ ದೇಶದ ರೂಗರ್ ಸಂಸ್ಥೆ 1968ರಲ್ಲಿ ಹೊರತಂದ ರೈಫಲಿನ ಮುಖ್ಯ ಭಾಗವನ್ನು ಕಡೆಯದೆ, ಮೇಣದ ಅಚ್ಚಿನಿಂದ ಉಕ್ಕನ್ನು ಎರೆದು ಮಾಡಿತು. ನಮ್ಮ ಪಂಚಲೋಹದ ವಿಗ್ರಹಗಳನ್ನು ಎರೆಯುವ ಪುರಾತನ ವಿಧಾನವೂ ಇದೇ. ಖರ್ಚು ಉಳಿಯಿತು, ಆದರೂ ಆ ಕೋವಿ ಗಟ್ಟಿಯೆಂದೇ ಹೆಸರು ಪಡೆಯಿತು. ಇನ್ನೊಂದು ಮಾತನ್ನೂ ಮರೆಯಬಾರದು. ಹಳೆಯ ಕಾಲದ ಕಳಪೆ ಕೋವಿಗಳು ಎಂದೋ ಗುಜರಿ ಸೇರಿವೆ. ಇಂದು ನಮ್ಮ ಕಣ್ಣಿಗೆ ಬೀಳುವುವು ಬಾಳಿ ಉಳಿದ ಒಳ್ಳೆಯವು ಮಾತ್ರ.

ಆದ್ದರಿಂದ ದೋಷವಿರುವುದು ಯಂತ್ರದಲ್ಲಲ್ಲ, ಉಳಿತಾಯ ಮಾಡುವವನ ದೃಷ್ಟಿಯಲ್ಲಿ. ವಸ್ತುವಿನ ಕೆಲಸ ಕೆಡದಂತೆ ಖರ್ಚು ತಗ್ಗಿಸುವುದು ಜಾಣತನ. ಕೊಳ್ಳುವವನಿಗೆ ತಿಳಿಯಲಾರದೆಂದು ತಗ್ಗಿಸುವುದು ವಂಚನೆ. ಹೊರಗಿನ ಹೊಳಪನ್ನು ಕಂಡು ಯಾರೂ ಕೋವಿ ಕೊಳ್ಳಬಾರದು. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಬಲ್ಲವರಿಂದ ಒಳಭಾಗಗಳನ್ನು ಪರೀಕ್ಷೆ ಮಾಡಿಸುವುದು ಲೇಸು. ಕಾರ್ಖಾನೆ ತೋರಿದ ಅಸಡ್ಡೆಗೆ ದಂಡ ತೆರುವವನು ಕಾರ್ಖಾನೆಯ ಒಡೆಯನಲ್ಲ. ಕತ್ತಲೆಯಲ್ಲಿ ತೋಟದ ಅಂಚಿಗೆ ನಿಂತ ರೈತ.