ಬೈಲಿನ ಅಡಿಯ ಕರಿಮಣ್ಣೂ ಅದು ಹೇಳುವ ಪೂರ್ವವೃತ್ತಾಂತವೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಗ್ರಾಮಗಳಲ್ಲಿ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ತರವಾಗಿ ವಿಂಗಡಿಸುವ ರೂಢಿಯು ಬಹಳ ಹಿಂದಿನಿಂದ ಬಂದುದು. ಇವುಗಳಲ್ಲಿ ನೀರಿನ ಅನುಕೂಲತೆಯುಳ್ಳ ಬೈಲೇ ಉತ್ತಮವಾದುದೆಂಬುದು ಎಲ್ಲರಿಗೂ ವಿದಿತವಾದ ವಿಷಯ. ಆದರೆ ಬಿಜೂರಿನಂತೆ ಕಡಲಿಗೆ ಸಮೀಪವಾದ ಗ್ರಾಮಗಳಲ್ಲಿ ಬೈಲುಗಳೆಲ್ಲವೂ ಒಂದೇ ಗುಣದವಲ್ಲ. ಉಪ್ಪುನೀರಿನ ಹೊಳೆಗಳ ಬದಿಯ ತಗ್ಗಿನಲ್ಲಿ ಬಾವಿಯನ್ನಾಗಲಿ, ಕೆರೆಯನ್ನಾಗಲಿ, ಸೀಗಡಿಯ ಕೊಳವನ್ನಾಗಲಿ ಅಗೆಯುವಾಗ, ಮೇಲಿನ ಮಣ್ಣಿನ ಕೆಳಗೆ ಕೊಳೆತ ಮೊಟ್ಟೆಯ ವಾಸನೆಯುಳ್ಳ ಕಪ್ಪು ಜೇಡಿಯು ಸಿಕ್ಕುವುದುಂಟು. ಅದರಲ್ಲಿ ಚಿಪ್ಪುಗಳೂ ಅರೆಕೊಳೆತ ಮರದ ತುಂಡುಗಳೂ ಕಾಣಬರಬಹುದು. ಕಪ್ಪಾಗಿರುವುದರಿಂದ ಅದು ಸಾರವತ್ತಾದ ಮಣ್ಣೆಂದು ಎಣಿಸಿ ಗದ್ದೆಗೆ ಎತ್ತಿ ಹಾಕಿದರೆ, ಕೆಲವು ಸಂದರ್ಭಗಳಲ್ಲಿ ಬೆಳೆಯೇ ನಾಶವಾಗುವ ಅಪಾಯವಿದೆ. ಆದುದರಿಂದ ಆ ಮಣ್ಣು ಯಾವ ಕಾಲದಲ್ಲಿ, ಯಾವ ನೀರಿನಲ್ಲಿ ಕೂಡಿಬಂದುದೆಂಬುದನ್ನು ತಿಳಿಯುವುದು ಕೇವಲ ಪಂಡಿತರ ಕುತೂಹಲದ ಸಂಗತಿಯಲ್ಲ. ಭೂಮಿಯುಳ್ಳವರಿಗೆ ಲಾಭನಷ್ಟದ ಸಂಗತಿಯಾಗಿದೆ.

ಪದರಗಳ ಲೆಕ್ಕಪತ್ರ

ಬಿಜೂರಿನ ಸುತ್ತಲಿನ ಎತ್ತರದ ಜಾಗಗಳಲ್ಲಿ ಕಾಣುವ ಮುರಕಲ್ಲು ನೀರಿನಲ್ಲಿ ಕೂಡಿಬಿದ್ದ ಕಲ್ಲಲ್ಲ. ಕೆಳಗಿನ ಮೂಲಶಿಲೆಯು ಅಧಿಕವಾದ ಮಳೆಗೂ ಬಿಸಿಲಿಗೂ ಸಿಕ್ಕಿ, ಕರಗುವ ಅಂಶಗಳೆಲ್ಲ ಹರಿದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮುಗಳು ಉಳಿದುದರಿಂದ ಅದು ಉಂಟಾಯಿತು. ಅದಕ್ಕೆ ಆಂಗ್ಲ ಭಾಷೆಯಲ್ಲಿ ಲ್ಯಾಟರೈಟೆಂಬ ಹೆಸರನ್ನಿಟ್ಟವನು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕನ್ನಡ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿದ ಆತನ ಗ್ರಂಥವು 1807ರಲ್ಲಿ ಪ್ರಕಟವಾಯಿತು.

ನೀರು ತಂದು ಹಾಕಿದ ಪದರಗಳನ್ನು ಹೊಳೆಗಳ ಬದಿಯಲ್ಲಿಯೂ ಅಳಿವೆಗಳಲ್ಲಿಯೂ ಹುಡುಕಬೇಕು. ಕೊಲ್ಲೂರಿನ ಕಡೆಯಿಂದ ಇಳಿದುಬರುವ ಸೌಪರ್ಣಿಕಾ ನದಿಯು ಮರವಂತೆಯಲ್ಲಿ ಕಡಲಿನ ತೀರ ಸಮೀಪಕ್ಕೆ ಬಂದೂ ಅದನ್ನು ಸೇರದೆ, ದಕ್ಷಿಣಕ್ಕೆ ತಿರುಗಿ, ಇತರ ಹೊಳೆಗಳೊಡನೆ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುವುದನ್ನು ಈ ಪ್ರಾಂತದವರೆಲ್ಲರೂ ಬಲ್ಲರು. ಹೊಳೆಗೂ ಕಡಲಿಗೂ ನಡುವೆ ಒಂದು ಮರಳಿನ ಪಟ್ಟಿ ಮಾತ್ರವೇ ಅಡ್ಡವಾಗಿದೆ. ಇಂತಹ ಮರಳುದಿಬ್ಬಗಳ ಒಳಬದಿಯ ನಿಧಾನವಾದ ನೀರಿನಲ್ಲಿ ವರ್ಷ ವರ್ಷವೂ ಕೆಸರು ತಂಗುತ್ತದೆ. ಒಂದು ಪದರದ ಮೇಲೆ ಮತ್ತೊಂದು ಪದರವು ಬೀಳುವುದರಿಂದ, ಅದು ಶ್ಯಾನುಭೋಗರ ಹಳೆಯ ಲೆಕ್ಕದ ಪುಸ್ತಕದಂತೆ, ಕೆಳಗಿನದು ಹಳೆಯದೂ ಮೇಲಿನದು ಹೊಸದೂ ಆಗಿ ಉಳಿಯುತ್ತದೆ. ಈ ಕೆಸರೇ ಲಕ್ಷಾಂತರ ವರ್ಷಗಳ ಭಾರದಿಂದ ಗಟ್ಟಿಯಾದರೆ ಪದರಶಿಲೆಯಾಗುತ್ತದೆ. ಬಾದಾಮಿಯ ಮರಳುಗಲ್ಲೂ ಶಹಾಬಾದಿನ ಸುಣ್ಣಕಲ್ಲೂ ಹೀಗೆ ಹುಟ್ಟಿದವುಗಳೇ.

ಕಬ್ಬಿಣದ ಸಾಕ್ಷ್ಯ

ಗದ್ದೆಯಲ್ಲಿ ನೀರು ಬಹುದಿನ ನಿಂತರೆ ಮಣ್ಣಿನೊಳಗೆ ಆಮ್ಲಜನಕವು ತೀರಿ, ಕಬ್ಬಿಣವು ನೀರಿನಲ್ಲಿ ಕರಗುತ್ತದೆ. ಆ ನೀರು ಬದುವಿನಿಂದ ಒಸರಿ ಗಾಳಿಗೆ ಸೋಕಿದೊಡನೆ ಕೆಂಪು ಕೆನೆಯು ಕಟ್ಟುವುದನ್ನು ರೈತರು ಪ್ರತಿ ಮಳೆಗಾಲದಲ್ಲಿಯೂ ನೋಡಿರುತ್ತಾರೆ. ಬಾಬಾಬುಡನ್‌ಗಿರಿಯ ಮತ್ತು ಕುದುರೆಮುಖದ ಪಟ್ಟಿಪಟ್ಟಿಯಾದ ಕಬ್ಬಿಣದ ಅದಿರು ಇದೇ ತತ್ತ್ವಕ್ಕೆ ಸಾಕ್ಷಿಯಾಗಿದೆ. 250 ಕೋಟಿ ವರ್ಷಗಳಿಗೂ ಹಿಂದಿನ ಕಡಲಿನಲ್ಲಿ ಆಮ್ಲಜನಕವು ಬಹಳ ಸ್ವಲ್ಪವಿದ್ದುದರಿಂದ ಅಪಾರವಾದ ಕಬ್ಬಿಣವು ಕರಗಿದ್ದು, ಬಳಿಕ ಪದರಪದರವಾಗಿ ತಳಕ್ಕೆ ಇಳಿಯಿತು. ಕಲ್ಲಿನ ರಸಾಯನವನ್ನು ನೋಡಿ ಅಂದಿನ ನೀರಿನ ಸ್ಥಿತಿಯನ್ನು ಹೇಳುವ ಕ್ರಮವಿದು.

ಐಸೋಟೋಪೆಂದರೇನು?

ಒಂದೇ ಮೂಲವಸ್ತುವಿನ ಪರಮಾಣುಗಳೆಲ್ಲವೂ ಒಂದೇ ತೂಕದವಲ್ಲ. ಗುಣದಲ್ಲಿ ಒಂದೇ ಆಗಿದ್ದು ತೂಕದಲ್ಲಿ ಮಾತ್ರ ಸ್ವಲ್ಪ ಭೇದವುಳ್ಳವುಗಳಿಗೆ ಐಸೋಟೋಪುಗಳೆಂದು ಹೆಸರು. ಒಂದೇ ತಳಿಯ ಬತ್ತದ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ತೂಕದ ಕಾಳು ಇರುವಂತೆ ಇದನ್ನು ಭಾವಿಸಬಹುದು. ಆಮ್ಲಜನಕದಲ್ಲಿ 16 ತೂಕದ ಸುಮಾರು 500 ಪರಮಾಣುಗಳಿಗೆ 18 ತೂಕದ್ದು ಒಂದು ಇರುತ್ತದೆ. ಇಂಗಾಲದಲ್ಲಿ 12 ತೂಕದ ಸುಮಾರು 90ಕ್ಕೆ 13 ತೂಕದ್ದು ಒಂದು. ಹಗುರವಾದ ನೀರು ಬೇಗನೆ ಆವಿಯಾಗುತ್ತದೆ. ಭಾರವಾದುದು ಮಳೆಯಾಗಿ ಮೊದಲು ಬೀಳುತ್ತದೆ. ಈ ಕಾರಣದಿಂದ ಮಳೆನೀರಿಗೂ ಕಡಲನೀರಿಗೂ ಐಸೋಟೋಪಿನ ಪ್ರಮಾಣದಲ್ಲಿ ವ್ಯತ್ಯಾಸವುಂಟು. ಆ ನೀರಿನಲ್ಲಿ ಬೆಳೆದ ಚಿಪ್ಪಿನ ಸುಣ್ಣದಲ್ಲಿ ಈ ವ್ಯತ್ಯಾಸವು ಉಳಿದುಕೊಳ್ಳುತ್ತದೆ. ಚಿಪ್ಪಿನಿಂದ ಪ್ರಾಚೀನ ಕಡಲಿನ ಶಾಖವನ್ನು ಅಳೆಯಬಹುದೆಂಬುದಕ್ಕೆ ಹೆರಾಲ್ಡ್ ಯೂರಿ ಎಂಬ ವಿಜ್ಞಾನಿಯು 1947ರಲ್ಲಿ ಆಧಾರವನ್ನು ಒದಗಿಸಿದನು.

ಸಸ್ಯಗಳಲ್ಲಿಯೂ ಇಂತಹ ಭೇದವಿದೆ. ಬತ್ತ, ತೆಂಗು, ಅಡಕೆ, ಮಾವು ಹಾಗೂ ಕಾಡಿನ ಮರಗಳು ಭಾರವಾದ ಇಂಗಾಲವನ್ನು ಕಡಿಮೆಯಾಗಿ ಹೀರುತ್ತವೆ. ಗೊತ್ತಾದ ಮಾನದಂಡಕ್ಕಿಂತ ಅವುಗಳಲ್ಲಿ ಅದು ಸಾವಿರಕ್ಕೆ ಸುಮಾರು 27ರಷ್ಟು ಕಡಿಮೆ. ಕಬ್ಬು, ರಾಗಿ, ಜೋಳ ಮತ್ತು ಒಣಸೀಮೆಯ ಅನೇಕ ಹುಲ್ಲುಗಳಲ್ಲಿ ಸುಮಾರು 13ರಷ್ಟು ಮಾತ್ರ ಕಡಿಮೆ. ಸಸ್ಯವು ಕೊಳೆತು ಮಣ್ಣಾದ ಮೇಲೆಯೂ ಈ ಗುರುತು ಬಹುಮಟ್ಟಿಗೆ ಅಳಿಯುವುದಿಲ್ಲ.

ನೀಲಗಿರಿಯೂ ಕಡಲತಳವೂ

ಇದಕ್ಕೆ ಉತ್ತಮ ನಿದರ್ಶನವು ಬಡಗರ ನಾಡಾದ ನೀಲಗಿರಿಯಲ್ಲಿ ದೊರೆತಿದೆ. ಅಲ್ಲಿನ ಜೌಗುಗಳಲ್ಲಿ ಕೂಡಿರುವ ಸಸ್ಯಮಣ್ಣನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರೂ ಅವರ ಸಂಗಡಿಗರೂ ಪರಿಶೋಧಿಸಿ, ಫಲಿತಾಂಶವನ್ನು 1993ರಲ್ಲಿ ಪ್ರಕಟಿಸಿದರು. ಕೊನೆಯ ಹಿಮಯುಗವು ಪ್ರಬಲವಾಗಿದ್ದಾಗ ಅಲ್ಲಿ ಮುಂಗಾರು ಕ್ಷೀಣಿಸಿ ಒಣಹುಲ್ಲು ಹಬ್ಬಿತ್ತೆಂದೂ, ಸುಮಾರು 9,000 ವರ್ಷಗಳ ಹಿಂದೆ ಮಳೆಯು ಸಮೃದ್ಧವಾಗಿತ್ತೆಂದೂ, ಅನಂತರ ಮತ್ತೊಮ್ಮೆ ಒಣಕಾಲವು ಬಂದಿತೆಂದೂ ಆ ಮಣ್ಣಿನ ಇಂಗಾಲವು ತಿಳಿಸಿತು. ಮುಂಗಾರು ಶಾಶ್ವತವಾಗಿ ಒಂದೇ ಸಮನಾಗಿರುವುದೆಂಬ ನಂಬಿಕೆಗೆ ಆಧಾರವಿಲ್ಲವೆಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ಅರಬ್ಬೀ ಸಮುದ್ರದ ತಳದ ಕೆಸರಿನಲ್ಲಿ ಮರಳಿನ ಕಣದಷ್ಟು ಸಣ್ಣ ಜೀವಿಗಳ ಚಿಪ್ಪುಗಳಿವೆ. ಘಟ್ಟದ ಮಳೆಯು ಹೆಚ್ಚಾದರೆ ಹೊಳೆಗಳ ಹಗುರವಾದ ನೀರು ಕಡಲಿಗೆ ಬೆರೆತು, ಆ ಚಿಪ್ಪುಗಳೂ ಹಗುರವಾದ ಆಮ್ಲಜನಕವನ್ನು ಹೆಚ್ಚಾಗಿ ಪಡೆಯುತ್ತವೆ. 1966ರಲ್ಲಿ ಸ್ಥಾಪಿತವಾದ, ಗೋವೆಯಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯೂ ಇತರ ಸಂಸ್ಥೆಗಳೂ ಪಶ್ಚಿಮ ಕರಾವಳಿಯ ಇಂತಹ ಕೆಸರನ್ನು ಪರಿಶೀಲಿಸಿವೆ. ಸುಮಾರು 20,000 ವರ್ಷಗಳ ಹಿಂದೆ ಲೋಕದ ಬಹಳಷ್ಟು ನೀರು ಹಿಮವಾಗಿ ನೆಲದ ಮೇಲೆ ನಿಂತಿದ್ದುದರಿಂದ ಕಡಲಿನ ಮಟ್ಟವು ಈಗಿನದಕ್ಕಿಂತ ಸುಮಾರು 120 ಮೀಟರು ತಗ್ಗಾಗಿತ್ತು. ಹಿಮವು ಕರಗಿದಂತೆ ಕಡಲು ಏರಿ ಹೊಳೆಗಳ ಬಾಯನ್ನು ಹೊಕ್ಕಿತು.

ಗಂಧಕದ ಗುರುತು ಮತ್ತು ಅಪಾಯ

ರೈತರಿಗೆ ಅತ್ಯಂತ ಮುಖ್ಯವಾದುದು ಗಂಧಕದ ಗುರುತು. ಒಂದು ಲೀಟರು ಕಡಲನೀರಿನಲ್ಲಿ ಸುಮಾರು 2.7 ಗ್ರಾಮು ಸಲ್ಫೇಟು ಇರುತ್ತದೆ. ಸಿಹಿನೀರಿನಲ್ಲಿ ಅದು ಅತ್ಯಲ್ಪ. ಕಾಂಡ್ಲಾ ಗಿಡಗಳ ಬುಡದ ಗಾಳಿಯಿಲ್ಲದ ಕೆಸರಿನಲ್ಲಿ ಸೂಕ್ಷ್ಮಾಣುಗಳು ಈ ಸಲ್ಫೇಟಿನ ಗಂಧಕವನ್ನು ಕಬ್ಬಿಣದೊಡನೆ ಕೂಡಿಸಿ ಪೈರೈಟೆಂಬ ಖನಿಜವನ್ನು ಮಾಡುತ್ತವೆ. ಅವು ಹಗುರವಾದ ಗಂಧಕವನ್ನೇ ಮೊದಲು ಬಳಸುವುದರಿಂದ ಅದರ ಐಸೋಟೋಪಿನಲ್ಲಿಯೂ ಅವುಗಳ ಕೆಲಸದ ಗುರುತು ಉಳಿಯುತ್ತದೆ. ಸಾಮಾನ್ಯವಾದ ಕಡಲಕೆಸರಿನಲ್ಲಿ ಒಂದು ಭಾಗ ಗಂಧಕಕ್ಕೆ ಸುಮಾರು ಮೂರು ಭಾಗ ಇಂಗಾಲವಿದ್ದರೆ, ಸಿಹಿನೀರಿನ ಕೆಸರಿನಲ್ಲಿ ಹತ್ತಕ್ಕೂ ಮೀರಿ ಇರುತ್ತದೆ.

ಈ ಪೈರೈಟು ನೀರಿನಡಿಯಲ್ಲಿರುವವರೆಗೆ ನಿರಪಾಯಕರ. ಅಗೆದು ಗಾಳಿಗೆ ಒಡ್ಡಿದರೆ ಅದೇ ಗಂಧಕಾಮ್ಲವಾಗಿ ಮಾರ್ಪಟ್ಟು, ಮಣ್ಣನ್ನು ಹುಳಿಯಾಗಿಸಿ, ಬೇರುಗಳಿಗೆ ವಿಷಪ್ರಾಯವಾದ ಅಲ್ಯೂಮಿನಿಯಮನ್ನೂ ಕಬ್ಬಿಣವನ್ನೂ ಬಿಡುಗಡೆ ಮಾಡುತ್ತದೆ. ಕೇರಳದ ಕುಟ್ಟನಾಡಿನಲ್ಲಿ ಕರಿನಿಲಗಳೆಂಬ ಕಪ್ಪುಭೂಮಿಯು, ಅಡಿಯಲ್ಲಿ ಹೂತುಹೋದ ಮರಗಳನ್ನು ಧರಿಸಿಕೊಂಡು, ಇದೇ ಹುಳಿಯಿಂದ ಬತ್ತದ ಬೇಸಾಯಗಾರರನ್ನು ಬಹುಕಾಲದಿಂದ ಕಾಡಿದೆ.

ಭೂಮಾಲೀಕರು ಮಾಡತಕ್ಕ ಪರೀಕ್ಷೆ

ಐಸೋಟೋಪುಗಳನ್ನು ಅಳೆಯುವ ಯಂತ್ರಗಳು ದೊಡ್ಡ ಪ್ರಯೋಗಶಾಲೆಗಳಲ್ಲಿ ಮಾತ್ರ ಇರುತ್ತವೆ. ಆದರೆ ಈ ಕೆಳಗಿನವನ್ನು ಮನೆಯಲ್ಲಿಯೇ ಮಾಡಬಹುದು.

1. ಅಗೆಯುವ ಮುನ್ನ ಒಂದು ಕಡೆ ಸಣ್ಣ ಗುಳಿಯನ್ನು ತೋಡಿ, ಪ್ರತಿ ಪದರದ ಬಣ್ಣ, ವಾಸನೆ, ಆಳ, ಚಿಪ್ಪು ಅಥವಾ ಮರದ ಅವಶೇಷ ಇವುಗಳನ್ನು ಬರೆದಿಡುವುದು.

2. ಕಪ್ಪು ಜೇಡಿಯ ಮೇಲೆ ವಿನೆಗರನ್ನು ಹನಿಸಿ ನೋಡುವುದು. ನೊರೆಯು ಎದ್ದರೆ ಅದರಲ್ಲಿ ಚಿಪ್ಪಿನ ಸುಣ್ಣವಿದೆಯೆಂದೂ, ಹುಟ್ಟುವ ಹುಳಿಯನ್ನು ಅದು ಕೆಲಮಟ್ಟಿಗೆ ತಡೆಯಬಲ್ಲುದೆಂದೂ ತಿಳಿಯತಕ್ಕದ್ದು.

3. ಜೇಡಿಯನ್ನು ಅರ್ಧ ಬೆರಳಿನ ದಪ್ಪಕ್ಕೆ ಹರಡಿ, ತೇವವು ಆರದಂತೆ ನೆರಳಿನಲ್ಲಿ ಎಂಟು ವಾರಗಳವರೆಗೆ ಇಟ್ಟು, ಮೊದಲಲ್ಲಿಯೂ ಕೊನೆಯಲ್ಲಿಯೂ ಪಿ.ಎಚ್. ಕಾಗದದಿಂದ ಪರೀಕ್ಷಿಸುವುದು. ಪಿ.ಎಚ್. 4ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಆ ಮಣ್ಣು ಅಪಾಯಕಾರಿ.

4. ಅಂತಹ ಮಣ್ಣಿದ್ದಲ್ಲಿ ಆಳವಾದ ಕಾಲುವೆಯನ್ನು ತೋಡಿ ನೀರನ್ನು ಬಸಿಯಬಾರದು. ಆ ಪದರವನ್ನು ಸದಾ ನೀರಿನಡಿಯಲ್ಲಿಯೇ ಇರಿಸುವುದು. ಅಗೆದ ಮಣ್ಣನ್ನು ಗದ್ದೆಗೂ ತೆಂಗಿನ ಬುಡಕ್ಕೂ ಹಾಕಬಾರದು. ಈಗಾಗಲೇ ಹುಳಿಯಾಗಿರುವಲ್ಲಿ, ನಾಟಿಗೆ ಮುಂಚೆ ಮೊದಲ ಮಳೆಗಳ ನೀರಿನಿಂದ ಗದ್ದೆಯನ್ನು ತೊಳೆದು, ಪರೀಕ್ಷೆಯಲ್ಲಿ ಗೊತ್ತಾದಷ್ಟು ಸುಣ್ಣವನ್ನು ಹಾಕುವುದು ಯುಕ್ತ.

ಸುಣ್ಣದ ಪ್ರಮಾಣವು ಗದ್ದೆಯಿಂದ ಗದ್ದೆಗೆ ಬೇರೆಯಾಗುವುದರಿಂದ, ಅದನ್ನು ಊಹೆಯಿಂದ ನಿರ್ಧರಿಸದೆ ಮಣ್ಣಿನ ಮಾದರಿಯೊಡನೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸುವುದು ಉತ್ತಮ. ನೆರೆಹೊರೆಯ ಬೈಲುಗಳಿಗೆ ನೀರು ಒಂದೇ ತೋಡಿನಿಂದ ಹರಿಯುವುದರಿಂದ, ಒಬ್ಬನು ಅಗೆದ ಕೊಳದ ಹುಳಿನೀರು ಕೆಳಗಿನ ಹತ್ತು ಮಂದಿಯ ಗದ್ದೆಗೆ ಇಳಿಯುತ್ತದೆ. ಆದಕಾರಣ ಇಂತಹ ಕೆಲಸವನ್ನು ಹೂಡುವ ಮೊದಲು ಊರಿನ ಮುಖಂಡರು ಸಂಬಂಧಪಟ್ಟವರನ್ನೆಲ್ಲ ಕೂಡಿಸಿ, ಗುಳಿಯ ಪರೀಕ್ಷೆಯನ್ನು ಎಲ್ಲರ ಎದುರಿನಲ್ಲಿಯೇ ಮಾಡಿಸತಕ್ಕದ್ದು. ಎಂಟು ವಾರಗಳ ತಾಳ್ಮೆಯಿಂದ ಎಷ್ಟೋ ವರ್ಷಗಳ ಬೆಳೆನಷ್ಟವು ತಪ್ಪುವುದು.