ಮನೆಯ ಓರಣ ಮತ್ತು ಮನಸ್ಸಿನ ನೆಮ್ಮದಿ: ಮಳೆಗಾಲಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ನಾಗರಿಕರ ತಿಳುವಳಿಕೆಗಾಗಿ)

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆಯಾಗುತ್ತದೆ. ತೇವದಿಂದ ಬಟ್ಟೆಬರೆ ಹಾಗೂ ಕಾಗದಪತ್ರಗಳಿಗೆ ಬೂಷ್ಟು ಹಿಡಿಯುತ್ತದೆ; ಅಟ್ಟದ ಮೇಲಿನ ಪೆಟ್ಟಿಗೆಗಳಿಗೆ ಗೆದ್ದಲು ತಗಲುತ್ತದೆ. ಅರ್ಜಿಯ ಕೊನೆಯ ದಿನ ಸಮೀಪಿಸಿದಾಗ ಬೇಕಾದ ದಾಖಲೆ ಸಿಗದಿದ್ದಲ್ಲಿ ಮನೆಮಂದಿಯೆಲ್ಲ ಆತಂಕಕ್ಕೆ ಒಳಗಾಗುತ್ತಾರೆ.

ಓರಣಕ್ಕೂ ಮನಸ್ಸಿಗೂ ಇರುವ ಸಂಬಂಧ

ಅಮೆರಿಕದ ಲಾಸ್ ಏಂಜಲೀಸ್‌ನ ಕುಟುಂಬಗಳನ್ನು ಕುರಿತು 2010ರಲ್ಲಿ ಅಧ್ಯಯನವೊಂದು ಪ್ರಕಟವಾಯಿತು. ತಮ್ಮ ಮನೆ ಅಸ್ತವ್ಯಸ್ತವಾಗಿದೆಯೆಂದು ವರ್ಣಿಸಿದ ಮಹಿಳೆಯರಲ್ಲಿ, ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಹಾರ್ಮೋನು ದಿನ ಕಳೆದಂತೆ ಇಳಿಯಬೇಕಾದಷ್ಟು ಇಳಿಯದಿರುವುದು ಅದರಲ್ಲಿ ಕಂಡುಬಂದಿತು. ಅಸ್ತವ್ಯಸ್ತತೆಯೊಂದೇ ಇದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಹುಡುಕಾಟ ಕಡಿಮೆಯಾದಷ್ಟೂ ಮನಸ್ಸಿನ ಭಾರ ಇಳಿಯುವುದು ಎಲ್ಲರ ಅನುಭವಕ್ಕೆ ಬರುವ ಸಂಗತಿ.

ಹಳೆಯ ಕಾಗದ ಸುಡುವ ಮುನ್ನ

ಸ್ವಚ್ಛತೆಯ ಭರದಲ್ಲಿ ಹಳೆಯ ಕಾಗದಗಳನ್ನು ಬಚ್ಚಲ ಒಲೆಗೆ ಹಾಕಬಾರದು. ಅರಣ್ಯ ಹಕ್ಕು ಕಾಯ್ದೆ, 2006ರಡಿ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು ದಿನಾಂಕ 13-12-2005ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷಗಳ ಅವಲಂಬನೆಯನ್ನು ತೋರಿಸಬೇಕಾಗುತ್ತದೆ. ಮನೆ ತೆರಿಗೆ ರಸೀದಿ, ಪಡಿತರ ಚೀಟಿ ಮುಂತಾದವನ್ನು ಸಾಕ್ಷ್ಯವಾಗಿ ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿದೆ. ಅಜ್ಜನ ಹೆಸರಿನ ಒಂದು ಹರಿದ ರಸೀದಿಯೂ ಮೊಮ್ಮಕ್ಕಳ ವಾಸದ ನೆಲೆಗೆ ಆಧಾರವಾಗಬಹುದು.

ಅನುಸರಿಸಬಹುದಾದ ಕ್ರಮಗಳು

1. ಕಾಗದಗಳನ್ನು ಮೂರು ಭಾಗಗಳಾಗಿ ವಿಂಗಡಿಸುವುದು: ಮತ್ತೆ ಪಡೆಯಬಹುದಾದವು, ಮತ್ತೆ ದೊರೆಯದಿರುವವು ಮತ್ತು ಅನಗತ್ಯವಾದವು. ಪಹಣಿಯು ಭೂಮಿ ಯೋಜನೆಯಡಿ ಗಣಕೀಕೃತವಾಗಿರುವುದರಿಂದ ಅದರ ಪ್ರತಿಯನ್ನು ಪುನಃ ಪಡೆಯಬಹುದು. ಹಳೆಯ ರಸೀದಿಗಳ ವಿಷಯದಲ್ಲಿ ಅಂತಹ ಭರವಸೆ ಇಲ್ಲ.
2. ಎರಡನೆಯ ಭಾಗದ ಕಾಗದಗಳನ್ನು ಬಿಸಿಲಿರುವಾಗಲೇ ನೆರಳಿನಲ್ಲಿ ಆರಿಸಿ, ಛಾಯಾಪ್ರತಿ ತೆಗೆಸಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಗೋಡೆಗೆ ತಾಗದಂತೆ ಎತ್ತರದಲ್ಲಿ ಇಡುವುದು.
3. ಡಬ್ಬಿ ಇರುವ ಸ್ಥಳವನ್ನು ಮನೆಯ ಕನಿಷ್ಠ ಇಬ್ಬರಿಗೆ ತಿಳಿಸುವುದು.
4. ಒಂದೇ ದಿನ ಇಡೀ ಮನೆಯನ್ನು ಹರವಿಕೊಳ್ಳದೆ, ದಿನಕ್ಕೊಂದು ಕಪಾಟು ಅಥವಾ ಒಂದು ಪೆಟ್ಟಿಗೆಯನ್ನು ಮಾತ್ರ ತೆಗೆದುಕೊಳ್ಳುವುದು.
5. ಹಿರಿಯರ ವಸ್ತುಗಳನ್ನು ಅವರನ್ನು ಕೇಳದೆ ವಿಲೇವಾರಿ ಮಾಡದಿರುವುದು. ಇತರರಿಗೆ ನಿರುಪಯುಕ್ತವೆನಿಸಿದ ವಸ್ತು ಅವರ ನೆಮ್ಮದಿಗೆ ಆಧಾರವಾಗಿರಬಹುದು.

ವೈದ್ಯಕೀಯ ನೆರವು ಅಗತ್ಯವಿದ್ದಲ್ಲಿ

ಓರಣವು ಚಿಕಿತ್ಸೆಗೆ ಪರ್ಯಾಯವಲ್ಲ. ನಿತ್ಯದ ಮನೆಗೆಲಸವನ್ನೂ ಮಾಡಲಾಗದಷ್ಟು ಬೇಸರ, ನಿದ್ರಾಹೀನತೆ ಅಥವಾ ಆತಂಕ ಎರಡು ವಾರ ಮೀರಿ ಮುಂದುವರಿದಲ್ಲಿ ಅದನ್ನು ಸೋಮಾರಿತನವೆಂದು ಹಳಿಯದೆ ವೈದ್ಯರನ್ನು ಕಾಣುವುದು ಅವಶ್ಯ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ.

ನಾಗರಿಕರು ಮಳೆ ಹಿಡಿಯುವ ಮುನ್ನವೇ ತಮ್ಮ ದಾಖಲೆಗಳನ್ನು ಸುರಕ್ಷಿತಗೊಳಿಸಿಕೊಳ್ಳಬೇಕೆಂದು ಕೋರಲಾಗಿದೆ.